ಸಭೆಯಲ್ಲಿ ಹೆಂಗಸರ ಮಾತೂ ನಡಾವಳಿಗೆ ಬರಲಿ

ಮಾನ್ಯರೇ,

ಬೆಂಗಳೂರಿನ ಅಪಾರ್ಟ್‌ಮೆಂಟ್ ಮತ್ತು ಬಡಾವಣೆ ಸಂಘಗಳ ಸಭೆಗಳಲ್ಲಿ ಹೆಂಗಸರು ಕೊಟ್ಟ ಸಲಹೆ ಎಷ್ಟೋ ಸಲ ನಡಾವಳಿ ಪುಸ್ತಕ ಸೇರುವುದೇ ಇಲ್ಲ. ಕೇಳಿದರೆ ‘ಅವರು ಮಾತು ಜಾಸ್ತಿ, ವಿಷಯಕ್ಕೆ ಬರಲ್ಲ’ ಎಂಬ ಉತ್ತರ ಸಿಗುತ್ತದೆ. ಅಮೆರಿಕ ಮತ್ತು ಮೆಕ್ಸಿಕೊದ 396 ವಿದ್ಯಾರ್ಥಿಗಳ ದಿನನಿತ್ಯದ ಮಾತನ್ನು ಧ್ವನಿಮುದ್ರಿಸಿ ಲೆಕ್ಕ ಹಾಕಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೆಣ್ಣಾಗಲಿ ಗಂಡಾಗಲಿ ದಿನಕ್ಕೆ ಆಡುವುದು ಸರಾಸರಿ ಸುಮಾರು 16 ಸಾವಿರ ಪದ ಎಂದು ಅದರಲ್ಲಿ ಕಂಡುಬಂತು.

ತೊಡಕಿರುವುದು ಮಾತನ್ನು ಇಡುವ ರೀತಿ ಮತ್ತು ಅದನ್ನು ಬರೆದುಕೊಳ್ಳುವ ರೀತಿಯಲ್ಲಿ. ಟ್ಯಾಂಕರ್ ನೀರಿನ ಬಿಲ್ ಚರ್ಚೆಗೆ ಬಂದಿದೆ ಎನ್ನಿ. ‘ಸಂಪ್‌ಗೆ ಎಷ್ಟು ನೀರು ಬೀಳ್ತಿದೆ ಅಂತ ಒಂದ್ಸಲ ಮೀಟರ್ ಹಾಕಿಸಿ ನೋಡೋಣ್ವಾ?’ ಎಂದು ಸದಸ್ಯೆಯೊಬ್ಬರು ಕೇಳುತ್ತಾರೆ. ಕಾರ್ಯದರ್ಶಿ ‘ಆಯ್ತು ಮೇಡಂ, ನೋಡೋಣ’ ಎಂದು ಮುಂದಕ್ಕೆ ಹೋಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಗಂಡಸೊಬ್ಬರು ‘ಸಂಪ್‌ಗೆ ಮೀಟರ್ ಹಾಕಿಸಿ’ ಎಂದರೆ ಅದು ಪ್ರಸ್ತಾವವಾಗಿ ಅವರ ಹೆಸರಿನಲ್ಲೇ ದಾಖಲಾಗುತ್ತದೆ. ‘ಎದುರು ಮಾತಾಡಬೇಡ’ ಎಂದು ಹೇಳಿಸಿಕೊಂಡೇ ಬೆಳೆದವರು ಸಲಹೆಯನ್ನು ಪ್ರಶ್ನೆಯಾಗಿ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ನೇರವಾಗಿ ಹೇಳಿದರೆ ‘ಬಾಯಿ ಜೋರು’ ಎನ್ನುವವರೂ ಅಲ್ಲೇ ಕೂತಿರುತ್ತಾರೆ. ಆದ್ದರಿಂದ ಹೆಂಗಸರಿಗೆ ‘ಧೈರ್ಯವಾಗಿ ಮಾತಾಡಿ’ ಎಂದು ಬುದ್ಧಿ ಹೇಳಿ ಪ್ರಯೋಜನವಿಲ್ಲ, ಸಭೆ ನಡೆಸುವ ಕ್ರಮವನ್ನೇ ಬದಲಿಸಬೇಕು.

‘ಹೂಂ’ಗುಟ್ಟುವುದರಲ್ಲೂ ಇದೇ ಎಡವಟ್ಟು. ಎಷ್ಟೋ ಹೆಂಗಸರು ‘ಕೇಳ್ತಿದ್ದೀನಿ, ಹೇಳಿ’ ಎಂಬ ಅರ್ಥದಲ್ಲಿ ಹೂಂಗುಟ್ಟುತ್ತಾರೆ. ಅಧ್ಯಕ್ಷರು ಅದನ್ನೇ ಒಪ್ಪಿಗೆ ಎಂದುಕೊಂಡು ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆಸುತ್ತಾರೆ. ತಿಂಗಳ ನಿರ್ವಹಣಾ ಶುಲ್ಕ ಏರಿಸುವಂಥ ವಿಷಯಕ್ಕಾದರೂ ಕೈ ಎತ್ತಿಸಿ, ಪರ ಎಷ್ಟು, ವಿರೋಧ ಎಷ್ಟು ಎಂದು ಎಣಿಸಿ ಬರೆಯಬೇಕು.

ಮುಖ್ಯ ವಿಷಯಗಳಿಗೆ ಮೊದಲೊಂದು ಸುತ್ತು ಸರದಿಯಂತೆ ನಡೆಯಲಿ. ತಲಾ ಒಂದೂವರೆ ನಿಮಿಷ ಸಾಕು. ಆ ಹೊತ್ತಿನಲ್ಲಿ ಅಧ್ಯಕ್ಷರೂ ಸೇರಿ ಯಾರೂ ಬಾಯಿ ಹಾಕಬಾರದು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲೇ ವಾದದ ನಡುವೆ ಮಹಿಳಾ ನ್ಯಾಯಮೂರ್ತಿಗಳ ಮಾತನ್ನು ಹೆಚ್ಚಾಗಿ ತುಂಡರಿಸಲಾಗುತ್ತದೆ ಎಂದು 2017ರ ಅಧ್ಯಯನವೊಂದು ತೋರಿಸಿತ್ತು. 2021ರಿಂದ ಅಲ್ಲಿ ಹಿರಿತನದ ಸರದಿಯಂತೆ ಪ್ರಶ್ನೆ ಕೇಳುವ ಸುತ್ತೂ ಇದೆ. ನಮ್ಮ ಸಭೆಗಳಲ್ಲಿ ಸರದಿಯನ್ನು ಹಿರಿಯರಿಂದಲೇ ಶುರು ಮಾಡಿದರೆ ಉಳಿದವರು ‘ಅವರು ಹೇಳಿದ್ದೇ ಸರಿ’ ಎಂದು ಸುಮ್ಮನಾಗುವ ಅಪಾಯವಿದೆ. ಮೊದಲ ಅವಕಾಶ ಹೆಂಗಸರಿಗೆ ಸಿಗಲಿ. ಹತ್ತು ದೇಶಗಳ 247 ವಿಚಾರ ಸಂಕಿರಣಗಳನ್ನು ಗಮನಿಸಿದ 2018ರ ಅಧ್ಯಯನದ ಪ್ರಕಾರ, ಮೊದಲ ಪ್ರಶ್ನೆ ಗಂಡಸಿನದಾದಾಗ ಆಮೇಲೆ ಹೆಂಗಸರು ಕೇಳುವ ಪ್ರಶ್ನೆಗಳು ಕಡಿಮೆಯಾಗುತ್ತವೆ.

ನಡಾವಳಿ ಬರೆಯುವವರು ‘ಮಾಡೋಣ್ವಾ’, ‘ಮಾಡಬಹುದೇನೋ’ ಎಂಬ ಮಾತು ಬಂದಾಗ ಅಲ್ಲೇ ತಡೆದು, ‘ಇದನ್ನ ಪ್ರಸ್ತಾವ ಅಂತ ಬರ್ಕೊಳ್ಲಾ?’ ಎಂದು ಕೇಳಬೇಕು. ಹೌದೆಂದರೆ ಮೊದಲು ಹೇಳಿದವರ ಹೆಸರು, ಫ್ಲಾಟ್ ಸಂಖ್ಯೆ ಬರೆಯಬೇಕು. ಕರಡು ಪ್ರತಿ ಎರಡು ದಿನದೊಳಗೆ ವಾಟ್ಸ್ಆಪ್ ಗುಂಪಿಗೆ ಬರಲಿ, ತಿದ್ದುಪಡಿಗೆ ಒಂದು ವಾರ ಸಮಯವಿರಲಿ. ಗಂಡ, ಹೆಂಡತಿ ಇಬ್ಬರ ನಂಬರೂ ಗುಂಪಿನಲ್ಲಿರುವುದು ಅಗತ್ಯ. ಮನೆಗೊಂದೇ ನಂಬರ್ ಎಂಬ ನಿಯಮವಿರುವ ಕಡೆ ಕರಡು ಹೆಂಗಸರ ಕಣ್ಣಿಗೆ ಬೀಳುವುದೇ ಇಲ್ಲ.

ಇದಕ್ಕೆ ಬೈಲಾ ತಿದ್ದುವವರೆಗೆ ಕಾಯಬೇಕಿಲ್ಲ. ಮುಂದಿನ ಸಭೆಯ ನೋಟಿಸಿನಲ್ಲೇ ಈ ಕ್ರಮವನ್ನು ನಮೂದಿಸುವಂತೆ ಎಲ್ಲ ಸಂಘಗಳ ಕಾರ್ಯದರ್ಶಿಗಳಲ್ಲಿ ನಮ್ಮ ಕಳಕಳಿಯ ವಿನಂತಿ.

– ಓದುಗರು, ಜಯನಗರ, ಬೆಂಗಳೂರು