ಮಳೆಗಾಲದಲ್ಲಿ ಕಾಡಿನ ದಾರಿ ಮುಚ್ಚುತ್ತಿದ್ದೇವೆ

ಪ್ರೀತಿಯ ಅತಿಥಿಗಳಿಗೆ ನಮಸ್ಕಾರ.

ಈ ವರ್ಷದಿಂದ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ನಮ್ಮ ಹೋಂಸ್ಟೇ ಹಿಂದಿನ ಕಾಡಿನಲ್ಲಿ ನಡಿಗೆ ಇರುವುದಿಲ್ಲ. ಜೀಪಿನಲ್ಲಿ ಗುಡ್ಡ ಹತ್ತಿಸುವುದನ್ನು ಪೂರ್ತಿ ಬಿಟ್ಟಿದ್ದೇವೆ. ಊಟ, ತೋಟ, ಹಳ್ಳ ಎಲ್ಲ ಮೊದಲಿನಂತೆಯೇ. ಆದರೆ ಮಳೆಯಲ್ಲಿ ನಡೆಯಬೇಕು ಅಂತಲೇ ಬರುವವರು ನಿಮ್ಮಲ್ಲಿ ಜಾಸ್ತಿ. ಅದಕ್ಕೇ ಕಾರಣವನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲ ತಿರುವಿನ ದೊಡ್ಡ ಹೆಬ್ಬಲಸಿನ ಮರ ನಿಮಗೆ ನೆನಪಿರಬಹುದು. ಎಲ್ಲರೂ ದಣಿವಾರಿಸಿಕೊಳ್ಳುವುದು ಅಲ್ಲೇ, ಉಂಬಳ ಕಿತ್ತು ಹಾಕುವುದೂ ಅಲ್ಲೇ. ಆರೇಳು ವರ್ಷದ ಹಿಂದೆ ಅದರ ಬುಡದಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಎಷ್ಟು ದಪ್ಪ ಇತ್ತೆಂದರೆ ಕಾಲಿಟ್ಟರೆ ಮೆತ್ತಗೆ ಹೂತು ಹೋಗುತ್ತಿತ್ತು. ಈಗ ಅಲ್ಲಿ ದರಗಿಲ್ಲ. ಬೇರುಗಳು ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತವೆ. ತುದಿಯ ಎರಡು ಕೊಂಬೆ ಒಣಗಿವೆ. ಸುತ್ತ ಒಂದು ಸಸಿಯೂ ಇಲ್ಲ. ಹತ್ತು ಮಾರು ಆಚೆ, ಯಾರೂ ತುಳಿಯದ ಕಡೆ, ಅದೇ ಜಾತಿಯ ಸಸಿಗಳು ಮೊಣಕಾಲೆತ್ತರ ಬಂದಿವೆ.

ಒಂದು ಹಾರೆ ತೆಗೆದುಕೊಂಡು ಹೋಗಿ ಊರಿ ನೋಡಿದೆವು. ಕಾಡಿನೊಳಗೆ ಗೇಣುದ್ದ ಸಲೀಸಾಗಿ ಇಳಿಯಿತು. ದಾರಿಯಲ್ಲಿ ಎರಡು ಬೆರಳು ಇಳಿಯಲಿಲ್ಲ.

ಅಡಿಕೆ ಒಣಗಿಸಲು ಅಂಗಳ ಮಾಡುವುದನ್ನು ನೀವು ನೋಡಿದ್ದೀರಿ. ಮಣ್ಣಿಗೆ ನೀರು ಹಾಕಿ ದಮ್ಮಸಿನಿಂದ ಬಡಿಯುತ್ತೇವೆ. ಒಣ ಮಣ್ಣನ್ನು ಎಷ್ಟು ಬಡಿದರೂ ಅಷ್ಟು ಗಟ್ಟಿ ಕೂರುವುದಿಲ್ಲ. ಮಳೆಗಾಲದಲ್ಲಿ ಕಾಡಿನಲ್ಲಿ ನಡೆದರೆ ಆಗುವುದೂ ಇದೇ. ಒಳ್ಳೆಯ ಕಾಡು ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಬರೀ ಸಂದುಗಳು. ನೀರು ಇಳಿಯುವುದು, ಬೇರು ಉಸಿರಾಡುವುದು ಅದರಲ್ಲೇ. ತುಳಿದಾಗ ಮೊದಲು ಮುಚ್ಚಿಹೋಗುವುದು ದೊಡ್ಡ ಸಂದುಗಳು. ಮರಕ್ಕೆ ಆಹಾರ ಎಳೆದು ಕೊಡುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದಡಿಯಲ್ಲೇ ಇರುತ್ತವೆ. ಆ ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರದ ಎಳೆಗಳೂ ಅಲ್ಲೇ. ಹಾಗಾಗಿ ಪೆಟ್ಟು ನೇರ ಅವಕ್ಕೇ ಬೀಳುತ್ತದೆ.

ಇನ್ನೊಂದು ವಿಷಯ ನಮಗೇ ತಡವಾಗಿ ತಿಳಿಯಿತು. ಮಣ್ಣು ಗಟ್ಟಿಯಾಗುವುದು ಬಹುಪಾಲು ಮೊದಲ ಕೆಲವು ಓಡಾಟದಲ್ಲೇ. ಆಗಲೇ ತುಳಿದ ದಾರಿಯಲ್ಲಿ ಇನ್ನೂ ನಾಲ್ಕು ಜನ ನಡೆದರೆ ಹೊಸ ನಷ್ಟ ಕಡಿಮೆ. ಕೆಸರು ತಪ್ಪಿಸಲು ಪಕ್ಕದಲ್ಲಿ ಹೆಜ್ಜೆ ಇಟ್ಟಾಗ ನಷ್ಟ ಜಾಸ್ತಿ. ಪ್ರತಿ ಮಳೆಗಾಲವೂ ಎಲ್ಲರೂ ಒಂದೊಂದು ಹೆಜ್ಜೆ ಆಚೆ ಇಟ್ಟು, ಎರಡಡಿಯ ಕಾಲುದಾರಿ ಕೆಲವು ಕಡೆ ಎಂಟಡಿ ಆಗಿದೆ.

ನಡೆಯುವವರಿಗಿಂತ ದೊಡ್ಡ ಗಾಯ ಮಾಡಿದ್ದು ನಾವೇ. ಒಂದು ವರ್ಷ ಪುನರ್ವಸು ಮಳೆಯಲ್ಲಿ ನಮ್ಮ ಅಕೇಶಿಯಾ ತೋಪಿನ ನಾಲ್ಕು ಮರ ಬಿದ್ದವು. ಕಾಯುವ ತಾಳ್ಮೆ ಇರಲಿಲ್ಲ. ಟ್ರ್ಯಾಕ್ಟರ್ ಇಳಿಸಿ ದಿಮ್ಮಿ ಎಳೆಸಿದೆವು. ಚಕ್ರ ಹೋದ ಜಾಡು ಮರುವರ್ಷ ಕಾಲುವೆ ಆಯಿತು. ಈಗ ಅದರ ತಳದಲ್ಲಿ ಮಣ್ಣಿನಡಿಯ ಜಂಬಿಟ್ಟಿಗೆ ಕಲ್ಲು ಕಾಣುತ್ತದೆ. ಭಾರದ ಗಾಡಿ ಒತ್ತಿದ ಆಳದ ಮಣ್ಣು ಸಡಿಲವಾಗಲು ಹತ್ತಾರು ವರ್ಷ ಬೇಕು. ಚಳಿ ದೇಶಗಳಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಕರಗಿ ಸ್ವಲ್ಪ ಸಡಿಲ ಮಾಡುತ್ತದಂತೆ. ನಮ್ಮಲ್ಲಿ ಆ ಕೆಲಸ ಎರೆಹುಳ, ಗೆದ್ದಲು, ಬೇರುಗಳೇ ಮಾಡಬೇಕು. ಕೊಡಚಾದ್ರಿಯ ಜೀಪ್ ದಾರಿಯಲ್ಲಿ ಹೋದವರಿಗೆ ಚಕ್ರ, ಮಳೆ, ಇಳಿಜಾರು ಮೂರೂ ಸೇರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಹೋದ ವರ್ಷ ಗುಡ್ಡದಿಂದ ಮನೆಗೆ ಹರಿದು ಬರುವ ಅಬ್ಬಿ ನೀರು ಮಣ್ಣು ಕೊಚ್ಚಿಕೊಂಡು ಮೂರು ವಾರ ಕೆಂಪಾಗಿ ಬಂತು. ನೀವು ಕುಡಿಯುವುದೂ ಅದೇ ನೀರು. ಆಗಲೇ ಈ ಹೋಂಸ್ಟೇ ನಡೆಸುವ ಮೂರೂ ಮನೆಯವರು ಜಗುಲಿಯಲ್ಲಿ ಕೂತು ಈ ತೀರ್ಮಾನ ಮಾಡಿದೆವು.

ಅಕ್ಟೋಬರ್‌ನಿಂದ ಒಂದು ಗುಂಪಿನಲ್ಲಿ ಎಂಟು ಜನ, ಜೊತೆಗೆ ನಮ್ಮವರೊಬ್ಬರು. ಕೆಸರಿದ್ದರೆ ಕೆಸರಿನಲ್ಲೇ ನಡೆಯಬೇಕು, ಅಡ್ಡದಾರಿ ಬೇಡ. ಹಳೇ ಚಪ್ಪಲಿ ತನ್ನಿ. ಹೆಬ್ಬಲಸಿನ ಸುತ್ತ ದರಗು ಹರಡಿ ಬೇಲಿ ಕಟ್ಟಿದ್ದೇವೆ. ಕೂರುವ ಜಾಗ ಕೆಳಗಿನ ಹಾಸುಬಂಡೆಗೆ ಬಂದಿದೆ. ಮರ ಕಡಿಯುವ, ಎಳೆಯುವ ಕೆಲಸ ಇನ್ನು ಜನವರಿಯಿಂದ ಏಪ್ರಿಲ್‌ವರೆಗೆ, ಮಣ್ಣು ಒಣಗಿದ ಮೇಲೆ, ಒಂದೇ ಜಾಡಿನಲ್ಲಿ, ಕೆಳಗೆ ಸೊಪ್ಪು ಕೊಂಬೆ ಹಾಸಿಕೊಂಡು.

ದಾರಿ ತೋರಿಸುವ ಹುಡುಗರಿಗೆ ಈ ನಾಲ್ಕು ತಿಂಗಳೂ ಸಂಬಳ ನಿಲ್ಲುವುದಿಲ್ಲ. ಕಾಲುವೆಗೆ ಕಲ್ಲು ತಡೆ ಕಟ್ಟುವುದು, ಸಸಿ ನೆಡುವುದು ಅವರ ಕೆಲಸ. ಅದಕ್ಕಾಗಿ ಅತಿಥಿಗಳ ದರವನ್ನು ಒಬ್ಬರಿಗೆ ದಿನಕ್ಕೆ 100 ರೂಪಾಯಿ ಹೆಚ್ಚು ಮಾಡಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ಗೆ ಆಗಲೇ ಬುಕ್ ಮಾಡಿದವರಿಗೆ ಹಳೇ ದರವೇ. ನಡಿಗೆ ಇಲ್ಲ ಅಂತ ಬೇಡ ಅನ್ನಿಸಿದರೆ ತಿಳಿಸಿ, ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ. ಬೇರೆ ತಿಂಗಳಿಗೆ ಬದಲಾಯಿಸಿಕೊಂಡರೂ ಸರಿ.

ಬಂದಾಗ ಕೇಳಿ, ಹಾರೆ ಕೊಡುತ್ತೇವೆ. ಕಾಡಿನ ಅಂಚಿನಲ್ಲಿ ನೀವೇ ಊರಿ ನೋಡಬಹುದು.

ನಿಮ್ಮವರು,
ಮೂರೂ ಮನೆಯವರು