ಹಳೆಯ ದೂರದರ್ಶಕ ಕೊಳ್ಳಹೊರಟ ಮಗಳಿಗೆ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಬೆಂಗಳೂರಿನಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಬೀದಿಯ ಗ್ಯಾರೇಜೊಂದರಲ್ಲಿ ಮಾರಾಟಕ್ಕಿಟ್ಟಿರುವ ದೂರದರ್ಶಕದ ಚಿತ್ರಗಳನ್ನು ನೋಡಿದೆ. ಅದು ಕ್ರೈಟೀರಿಯನ್ ಕಂಪನಿಯ ಆರ್‌ವಿ-6 ಡೈನಾಸ್ಕೋಪ್. ಅಮೆರಿಕದಲ್ಲಿ ನೀನಿರುವ ಹಾರ್ಟ್‌ಫರ್ಡಿನಲ್ಲೇ ಹುಟ್ಟಿದ್ದು. 1960ರ ದಶಕದಲ್ಲಿ ಅದರ ಬೆಲೆ 194 ಡಾಲರ್ 95 ಸೆಂಟ್. ಆರು ಅಂಗುಲದ ಕನ್ನಡಿ, 48 ಅಂಗುಲದ ನಾಭಿದೂರ (ಕನ್ನಡಿ ಬೆಳಕನ್ನು ಒಂದೆಡೆ ಕೂಡಿಸುವ ದೂರ), ಜೊತೆಗೆ ನಕ್ಷತ್ರದ ಹಿಂದೆ ತಾನೇ ತಿರುಗುವ ಮೋಟಾರು.

ಮೊಬೈಲಿನ ಮಾತು ಕೇಳುವ ಹೊಸ ದೂರದರ್ಶಕಗಳಿರುವಾಗ ಇದೇಕೆ ಎಂದು ನಿನ್ನ ಗೆಳತಿ ಕೇಳಿದಳಂತೆ. ಕೇಳಬೇಕಾದ ಪ್ರಶ್ನೆಯೇ. ನೋಟದ ಮಟ್ಟಿಗೆ ಇಂದಿನ ಒಳ್ಳೆಯ ಆರಂಗುಲದ ಕನ್ನಡಿ ಇದಕ್ಕೆ ಏನೂ ಕಡಿಮೆಯಲ್ಲ. ನೀನು ಆರು ಚಿತ್ರ ತೆಗೆದಿರುವ ಆ ಬಿಳಿ ಕೊಳವೆ ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮುದುಕನಾದವನ ಕಣ್ಣು ಅದರ ಕೆಳಕ್ಕೆ, ಕೊಳವೆಯನ್ನು ಹೊತ್ತು ನಿಂತ ಮೌಂಟಿಗೆ ಹೋಗುತ್ತದೆ. ಅಲ್ಲಿ ಯಾವುದೂ ಮುಚ್ಚುಮರೆಯಿಲ್ಲ. ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ಒಂದು ದಂಡ, ಅದಕ್ಕೆ ಲಂಬವಾಗಿ ಇನ್ನೊಂದು. ಎರಡನೆಯದರ ಒಂದು ತುದಿಯಲ್ಲಿ ಕೊಳವೆ, ಮತ್ತೊಂದು ತುದಿಯಲ್ಲಿ ಸರಿದೂಗಿಸುವ ತೂಕ. ಮೊದಲ ದಂಡ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಬಂದರೆ ನಕ್ಷತ್ರ ಕಣ್ಣೆದುರಿನಿಂದ ಜಾರುವುದಿಲ್ಲ. ಜರ್ಮನಿಯ ಮಸೂರ ತಯಾರಕ ಫ್ರೌನ್‌ಹೋಫರ್ 1824ರಲ್ಲಿ, ಇಂದಿನ ಎಸ್ಟೋನಿಯಾದಲ್ಲಿರುವ ಡೋರ್ಪಾಟ್ ವೀಕ್ಷಣಾಲಯಕ್ಕೆ ಮಾಡಿಕೊಟ್ಟ ದೂರದರ್ಶಕದಲ್ಲೂ ಇದೇ ಏರ್ಪಾಡು. ಮೋಟಾರಿನ ಬದಲು ಭಾರ ಇಳಿಬಿಟ್ಟ ಗಡಿಯಾರದ ಯಂತ್ರವಿತ್ತು, ಅಷ್ಟೇ. ಭೂಮಿ ತಿರುಗುತ್ತಿದೆ ಎಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಅದನ್ನು ರದ್ದು ಮಾಡುತ್ತಿರುವ ಗೇರನ್ನು ಬೆರಳಿನಿಂದ ಮುಟ್ಟುವುದು ಬೇರೆ.

ನೀನಿರುವ ಊರಿನಿಂದ ಉತ್ತರಕ್ಕೆ, ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಲ್ಲಿ, ವರ್ಮಾಂಟಿನ ಸ್ಪ್ರಿಂಗ್‌ಫೀಲ್ಡ್ ಇದೆ. ಒಮ್ಮೆ ಹೋಗಿ ಬಾ. ಅದು ಲೇತುಗಳ ಊರು. ಜೋನ್ಸ್ ಅಂಡ್ ಲ್ಯಾಮ್ಸನ್ ಕಾರ್ಖಾನೆಯ ಯಜಮಾನ ಜೇಮ್ಸ್ ಹಾರ್ಟ್‌ನೆಸ್ ತನ್ನ ಮನೆಯಂಗಳದಲ್ಲಿ ಒಂದು ವಿಚಿತ್ರ ದೂರದರ್ಶಕ ಕಟ್ಟಿಕೊಂಡಿದ್ದ. ತಾನು ಒಳಗೆ ಬೆಚ್ಚಗೆ ಕುಳಿತು, ಕೊಳವೆಯನ್ನು ಮಾತ್ರ ಹೊರಗೆ ಚಳಿಗೆ ನಿಲ್ಲಿಸುವಂಥದ್ದು. ಅಲ್ಲಿನ ಚಳಿಗಾಲ ಕಂಡಿರುವ ನಿನಗೆ ಅದರ ಜಾಣತನ ಅರ್ಥವಾಗುತ್ತದೆ. ಅವನೇ 1919ರಲ್ಲಿ ರಸೆಲ್ ಪೋರ್ಟರನನ್ನು ಕೆಲಸಕ್ಕೆ ಕರೆಸಿಕೊಂಡ. ಪೋರ್ಟರ್ ಉತ್ತರಧ್ರುವದ ಕಡೆ ಅಲೆದು ಬಂದವನು, ಚಿತ್ರಕಾರ. ಮರುವರ್ಷ ಕಾರ್ಖಾನೆಯ ಕೆಲಸಗಾರರನ್ನು ಕೂಡಿಸಿ ದೂರದರ್ಶಕದ ಕನ್ನಡಿಯನ್ನು ಉಜ್ಜಿ ರೂಪಿಸುವುದನ್ನು ಕಲಿಸಿದ; ಆ ಗುಂಪಿನಲ್ಲಿ ಒಬ್ಬ ಹೆಂಗಸೂ ಇದ್ದಳು. 1926ರಿಂದ ಅಲ್ಲಿನ ಸ್ಟೆಲ್ಲಾಫೇನ್ ಗುಡ್ಡದ ಮೇಲೆ ಬೇಸಿಗೆಯ ಸಮಾವೇಶ ನಡೆಯುತ್ತ ಬಂದಿದೆ. ಜನ ತಾವೇ ಮಾಡಿದ ದೂರದರ್ಶಕಗಳನ್ನು ಹೊತ್ತು ತರುತ್ತಾರೆ. ಪೋರ್ಟರ್ ಕಂಚಿನಲ್ಲಿ ಎರಕ ಹೊಯ್ಯಿಸಿದ ತೋಟದ ದೂರದರ್ಶಕವೂ ಒಂದಿದೆ. ಎಷ್ಟು ಚೆಂದವೆಂದರೆ ಕೊಂಡವರು ಅದರಲ್ಲಿ ಆಕಾಶ ನೋಡಿದರೋ, ಅದನ್ನೇ ನೋಡುತ್ತ ಕುಳಿತರೋ ಎಂಬ ಅನುಮಾನ ನನಗಿದೆ.

ನಾನು ಇವರನ್ನು ನೆಂಟರೆಂದು ತಿಳಿಯಲು ಇನ್ನೊಂದು ಕಾರಣವಿದೆ. ತಿರುಪಿನ ಹಲ್ಲುಗಳ ನೆರಳನ್ನು ಹಿಗ್ಗಿಸಿ ಪರದೆಯ ಮೇಲೆ ಬೀಳಿಸಿ ಅಳೆಯುವ ಯಂತ್ರವನ್ನು ರೂಪಿಸಿದವರೂ ಈ ಇಬ್ಬರೇ. ನೀನು ಶಾಲೆಗೆ ರಜೆಯಿದ್ದಾಗ ಬಂದು ನೋಡುತ್ತಿದ್ದ ನಮ್ಮ ಪ್ರೊಫೈಲ್ ಪ್ರೊಜೆಕ್ಟರ್ ಅದೇ ವಂಶದ್ದು.

ಈ ಗೇರು, ತೂಕ, ಮೋಟಾರು ಯಾವುದೂ ಬೇಡ ಎಂದವನೂ ಒಬ್ಬನಿದ್ದ, ಜಾನ್ ಡಾಬ್ಸನ್. ಕ್ಯಾಲಿಫೋರ್ನಿಯಾದ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದವನು. ದೂರದರ್ಶಕದ ಹುಚ್ಚು ಹೆಚ್ಚಾಗಿ 1967ರಲ್ಲಿ ಮಠ ಬಿಡಬೇಕಾಯಿತು. ಪ್ಲೈವುಡ್ ಪೆಟ್ಟಿಗೆಯಲ್ಲಿ ರಟ್ಟಿನ ಕೊಳವೆ ಕೂರಿಸಿ, ಕೈಯಿಂದ ತಳ್ಳುತ್ತ, ಬೀದಿಯಲ್ಲಿ ಹೋಗುವವರಿಗೆಲ್ಲ ಚಂದ್ರನನ್ನು ತೋರಿಸಿದ. ಸನ್ಯಾಸಿ ತಾನೇ, ಗೇರುಗಳನ್ನೂ ತ್ಯಜಿಸಿದ. ಅವನ ಮೇಲೆ ನನಗೆ ಗೌರವವಿದೆ. ಆದರೆ ನಾನು ಸಂಸಾರಿ.

ಇದನ್ನು ಬೆಂಗಳೂರಿಗೆ ತರುವ ಯೋಚನೆ ಮಾತ್ರ ಬೇಡ. ಆ ಮೋಟಾರು ವಿದ್ಯುತ್ತಿನ ಆವರ್ತನವನ್ನು ನಂಬಿ ಓಡುತ್ತದೆ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಬಹುದು, ಆವರ್ತನ ಹಾಗೇ ಉಳಿಯುತ್ತದೆ. ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅಂದರೆ ಆಕಾಶದಲ್ಲಿ ಎರಡೂವರೆ ಡಿಗ್ರಿ, ಐದು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು ದೂರ. ಮೇಲಾಗಿ ಅಲ್ಲಿ ಧ್ರುವ ನಕ್ಷತ್ರ ಸುಮಾರು 42 ಡಿಗ್ರಿ ಎತ್ತರದಲ್ಲಿರುತ್ತದೆ, ಇಲ್ಲಿ 13. ಧ್ರುವದತ್ತ ಮುಖಮಾಡಿದ ಆ ಮೊದಲ ದಂಡವನ್ನು ಅಷ್ಟು ಮಲಗಿಸಿದರೆ ತೂಕದ ಸರಳು ಮೌಂಟಿನ ಕಾಲಿಗೆ ತಾಗಿದರೂ ತಾಗಬಹುದು. ನಮ್ಮ ಮನೆಯಿಂದಂತೂ ಆ ದಿಕ್ಕಿನಲ್ಲಿ ಕಾಣುವುದು ಎದುರುಮನೆಯ ನೀರಿನ ಟ್ಯಾಂಕು ಮಾತ್ರ.

ಕೊಳ್ಳುವ ಮುನ್ನ ಎರಡೂ ಅಕ್ಷಗಳ ಹಿಡಿತ ಸಡಿಲಿಸಿ ಕೈಯಿಂದ ತಿರುಗಿಸಿ ನೋಡು. ಬಿಗಿಯಾಗಿದ್ದರೆ ಹೆದರಬೇಡ, ಹಳೆಯ ಗ್ರೀಸು ಆರಿದ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ, ಸೀಮೆಎಣ್ಣೆಗೆ ಬಿಡುತ್ತದೆ. ಗೇರಿನ ಹಲ್ಲು ಮುರಿದಿದ್ದರೆ ಆಗ ಚೌಕಾಸಿ ಮಾಡು. ದೂರದ ದೀಪವೊಂದನ್ನು ನೋಡುತ್ತ ಕೊಳವೆಗೆ ಮೆಲ್ಲಗೆ ತಟ್ಟು. ನಡುಕ ಬೇಗ ನಿಂತರೆ ಕಾಲುಗಳು ಗಟ್ಟಿಯಾಗಿವೆ ಎಂದರ್ಥ. ಕನ್ನಡಿ ಮಂಕಾಗಿದ್ದರೆ ಮತ್ತೆ ಅಲ್ಯೂಮಿನಿಯಂ ಲೇಪ ಹಾಕಿಸಬಹುದು, ಬಟ್ಟೆಯಿಂದ ಮಾತ್ರ ಒರೆಸಬೇಡ. ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಮಸೂರಕ್ಕೆ, ತಿರುಗಿಸಿ ಹಾಕುವ ಕಪ್ಪು ಸೂರ್ಯಗಾಜು ಪೆಟ್ಟಿಗೆಯಲ್ಲಿದ್ದರೆ ಒಡೆದು ಕಸಕ್ಕೆ ಹಾಕು. ಬಿಸಿಗೆ ಅದು ಸೀಳಿದರೆ ಕಣ್ಣು ಹೋಗುತ್ತದೆ. ಇದರಲ್ಲಿ ಹಳತರ ಮೋಹ ಬೇಡವೇ ಬೇಡ.

ಮೋಟಾರಿನ ಮುಚ್ಚಳ ತೆಗೆದು, ಹಲ್ಲು ಎಣಿಸಲು ಬರುವಷ್ಟು ಹತ್ತಿರದಿಂದ ಒಂದು ಚಿತ್ರ ಕಳಿಸು. ನಾಲ್ಕಡಿಗೂ ಮೀರಿದ ಕೊಳವೆಯನ್ನು ಆ ಒಂಟಿ ಕೋಣೆಯಲ್ಲಿ ಎಲ್ಲಿಡುತ್ತಾಳೆ ಎಂದು ಅಮ್ಮ ಬೆಳಗಿನಿಂದ ಕೇಳುತ್ತಿದ್ದಾಳೆ. ಮಂಚದ ಕೆಳಗೆ ಎಂದು ಹೇಳಿದ್ದೇನೆ. ನಿನ್ನ ಮಂಚಕ್ಕೆ ಕಾಲುಗಳಿವೆ ತಾನೇ?

ಇಂತು,
ನಿನ್ನ ಅಪ್ಪ