ಮಗಳಿಗೊಂದು ಪತ್ರ: ರಾಗಿ ಉಂಡೆಗೆ ಟ್ರೌಟ್ ಬರೋದಿಲ್ಲ

ಸಿದ್ದಾಪುರ, ಕೊಡಗು
ಏಪ್ರಿಲ್ ಮೊದಲ ವಾರ

ಪುಟ್ಟೀ,

ನೀನು ಕಳಿಸಿದ ಫೋಟೊ ನೋಡಿದೆ. ಸಿಯಾಟಲಿನ ಗ್ರೀನ್ ಲೇಕ್ ದಡ, ಹೊಸ ರಾಡ್, ಪಕ್ಕದಲ್ಲಿ ಸ್ಟೀಲ್ ಡಬ್ಬಿಯ ತುಂಬ ರಾಗಿ ಉಂಡೆ. ನಿಮ್ಮಪ್ಪನಿಗೂ ತೋರಿಸಿದೆ. "ಮುದ್ದೆ ಚೆನ್ನಾಗಿ ಬಂದಿದೆ, ಸಾರು ಎಲ್ಲಿ?" ಅಂದರು. ಅವರಿಗೆ ಮೀನು ತಿನ್ನೋದು ಗೊತ್ತು, ಹಿಡಿಯೋದು ಗೊತ್ತಿಲ್ಲ, ಅವರ ಮಾತು ಬಿಡು. ಬೆಳಿಗ್ಗೆಯಿಂದ ಕೂತರೂ ಒಂದು ಟ್ರೌಟ್ ಮೀನೂ ಮುಟ್ಟಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯಲ್ಲ, ಅದಕ್ಕೆ ಕಾರಣ ಆ ಡಬ್ಬಿಯಲ್ಲೇ ಇದೆ. ಫೋನಲ್ಲಿ ಹೇಳೋಕೆ ಹೋದರೆ ಪಾಪು ಅತ್ತ ಕೂಡಲೇ ಮಾತು ಅರ್ಧಕ್ಕೆ ನಿಲ್ಲುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ವಾಲ್ನೂರಿನ ಹತ್ತಿರ ಕಾವೇರಿಯಲ್ಲಿ ಅಜ್ಜ ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದುದನ್ನು ನೋಡಿ ಬೆಳೆದವಳು ನೀನು. ಅವರು ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಕುದಿಯೋ ನೀರಿಗೆ ಹಾಕಿ ಬೇಯಿಸುತ್ತಿದ್ದರು. ಯಾಕೆ ಹೇಳು? ಕಾವೇರಿಯ ಸೆಳವಿಗೆ ಅದು ಕರಗಬಾರದು. ಚಿಲ್ಲರೆ ಮೀನುಗಳು ಕಚ್ಚಿ ಕಚ್ಚಿ ಖಾಲಿ ಮಾಡಬಾರದು. ಭಾರಕ್ಕೆ ತಳಕ್ಕೆ ಇಳಿದು ಬಂಡೆಗಳ ಸಂದಿಯಲ್ಲಿ ಕೂರಬೇಕು. ಮಹಶೀರ್ ತಳದಲ್ಲಿ ತಡಕಾಡಿ, ಸಿಕ್ಕಿದ್ದನ್ನು ಗಂಟಲಿನ ಹಲ್ಲಲ್ಲಿ ನುರಿದು ತಿನ್ನುವ ಮೀನು. ಮೈಸೂರಿನ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಅಂಥದಕ್ಕೆ ದಪ್ಪ ದಾರ, ದಪ್ಪ ಕೊಕ್ಕೆ, ದೊಡ್ಡ ಉಂಡೆ ಎಲ್ಲಾ ಬೇಕು.

ನಿನ್ನ ಕೆರೆಯಲ್ಲಿ ಸೆಳವೇ ಇಲ್ಲ. ತಳದಲ್ಲಿ ಕೆಸರು, ಅದರ ಮೇಲೆ ಪಾಚಿ. ಉಂಡೆ ಅದರೊಳಗೆ ಹೂತುಹೋಗಿರುತ್ತೆ. ಕೆರೆಯ ಟ್ರೌಟ್ ನಮ್ಮ ಗೌರಿ ಮೀನಿನ ಹಾಗೆ ಕೆಸರು ಕೆದಕೋದು ಕಡಿಮೆ. ಈಜಾಡುತ್ತಾ ಕಣ್ಣಿಗೆ ಬಿದ್ದದ್ದನ್ನು, ವಾಸನೆ ಬಂದದ್ದನ್ನು ಹಿಡಿಯುತ್ತೆ. ಅಂದಮೇಲೆ ಎರೆ ತಳದಿಂದ ಒಂದೆರಡು ಅಡಿ ಮೇಲೆ ನೀರಲ್ಲಿ ತೇಲಿ ನಿಲ್ಲಬೇಕು. ಇದೊಂದು ಸರಿಹೋದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ನಾನು ಇದನ್ನೆಲ್ಲ ಕಲಿತದ್ದು ನಿನ್ನ ಬಾಣಂತನಕ್ಕೆ ಬಂದಿದ್ದಾಗ. ಪಾಪು ಮಲಗಿದ ಮೇಲೆ ವಾಕಿಂಗ್ ಅಂತ ಹೋಗುತ್ತಿದ್ದೆನಲ್ಲ, ಆ ಕೆರೆಯ ಕಟ್ಟೆಯ ಮೇಲೆ ಒಬ್ಬ ಮುದುಕ ದಿನಾ ಕೂರುತ್ತಿದ್ದ. ನನ್ನ ಇಂಗ್ಲಿಷು ಅವನಿಗೆ ಅರ್ಥವಾಗುತ್ತಿರಲಿಲ್ಲ, ಅವನದು ನನಗೆ. ಆದರೆ ಗಾಳದ ವಿಷಯದಲ್ಲಿ ಕೈ ತೋರಿಸಿದರೆ ಸಾಕು. ಆಮೇಲೆ ನಿನ್ನ ಗಂಡನಿಗೆ ಹೇಳಿ ಮೂರು ದಿನದ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ನಿನಗೆ ಗೊತ್ತಾಗಲಿಲ್ಲ, ಮಲಗಿದ್ದೆ ನೀನು.

ಮುದುಕ ಕಟ್ಟುತ್ತಿದ್ದುದು ಹೀಗೆ. ಮೊಟ್ಟೆಯ ಆಕಾರದ ಸಣ್ಣ ಸೀಸ, ಅದರ ನಡುವೆ ತೂತು. ರೀಲಿನಿಂದ ಬಂದ ದಾರವನ್ನು ಆ ತೂತಿನಲ್ಲಿ ದಾಟಿಸಿ, ಒಂದು ಪ್ಲಾಸ್ಟಿಕ್ ಮಣಿ ಪೋಣಿಸಿ, ತುದಿಗೆ ಸ್ವಿವೆಲ್, ಅಂದರೆ ತಿರುಗೋ ಪುಟ್ಟ ಕೊಂಡಿ, ಕಟ್ಟಬೇಕು. ಸೀಸ ಕೆಳಗೆ ಜಾರದ ಹಾಗೆ ಸ್ವಿವೆಲ್ ತಡೆಯುತ್ತೆ, ಸೀಸ ಗುದ್ದಿ ಗಂಟು ಸವೆಯದ ಹಾಗೆ ಮಣಿ ಕಾಯುತ್ತೆ. ಸ್ವಿವೆಲಿನ ಇನ್ನೊಂದು ಕಡೆಗೆ ಒಂದೂವರೆಯಿಂದ ಎರಡೂವರೆ ಅಡಿಯ ಇನ್ನೂ ತೆಳು ದಾರ, ಅದರ ತುದಿಗೆ ಕೊಕ್ಕೆ. ಎಸೆದಾಗ ಸೀಸ ತಳದಲ್ಲಿ ಕೂರುತ್ತೆ, ಎರೆ ಆ ತುಂಡು ದಾರದಷ್ಟು ಮೇಲೆ ತೇಲುತ್ತೆ. ಪಾಚಿ ಎತ್ತರ ಇದ್ದರೆ ದಾರ ಉದ್ದ ಮಾಡು, ಅಷ್ಟೇ. ಮೀನು ಎರೆ ಕಚ್ಚಿಕೊಂಡು ಹೊರಟರೆ ದಾರ ಸೀಸದ ತೂತಿನಲ್ಲಿ ಸರಾಗವಾಗಿ ಜಾರುತ್ತೆ, ಭಾರ ಅದರ ಬಾಯಿಗೆ ತಾಗೋದಿಲ್ಲ. ಟ್ರೌಟಿಗೆ ಅನುಮಾನ ಜಾಸ್ತಿ. ಭಾರ ಅನ್ನಿಸಿದರೆ ತಕ್ಷಣ ಉಗುಳುತ್ತೆ. ಎಸೆದ ಮೇಲೆ ದಾರವನ್ನು ಬಿಗಿಯಾಗಿ ಎಳೆದಿಡಬೇಡ, ಸ್ವಲ್ಪ ಸಡಿಲ ಬಿಟ್ಟು ದಾರವನ್ನೇ ನೋಡುತ್ತಾ ಕೂರು. ಅದು ಮೆಲ್ಲಗೆ ನೆಟ್ಟಗಾದರೆ ಗಿರಾಕಿ ಬಂದ ಅಂತ ಅರ್ಥ.

ಇನ್ನು ತೇಲೋ ಎರೆ. ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಪವರ್‌ಬೇಟ್ ಅಂತ ಬಣ್ಣದ ಹಿಟ್ಟು ಸಿಗುತ್ತೆ. ಮಿಣಮಿಣ ಚಮಕಿ, ಮೂಗು ಮುಚ್ಚಿಕೊಳ್ಳೋ ವಾಸನೆ. ಅದು ಎದ್ದು ತೇಲುವ ಹಾಗೇ ಮಾಡಿದ ಹಿಟ್ಟು. ಕಡಲೆಕಾಳಿನಷ್ಟು ತಗೊಂಡು, ಬೆರಳು ಒದ್ದೆ ಮಾಡಿಕೊಂಡು ಉರುಟು ಮಾಡಿ, ಕೊಕ್ಕೆ ಪೂರ್ತಿ ಮುಚ್ಚುವ ಹಾಗೆ ಒತ್ತು. ಮೊನೆ ಕೂಡ ಕಾಣಬಾರದು. ಆಮೇಲೆ, ಇದನ್ನು ಮರೀಬೇಡ, ಎಸೆಯುವ ಮೊದಲು ಕಾಲ ಬುಡದ ನೀರಲ್ಲಿ ಬಿಟ್ಟು ನೋಡು. ಮೇಲೆದ್ದರೆ ಸರಿ. ಮುಳುಗಿದರೆ ಕೊಕ್ಕೆ ದೊಡ್ಡದಾಯಿತು, ಇಲ್ಲಾ ಹಿಟ್ಟು ಕಡಿಮೆಯಾಯಿತು. ಮುದುಕ ಪ್ರತಿ ಸಲವೂ ಹೀಗೆ ನೋಡಿಯೇ ಎಸೆಯುತ್ತಿದ್ದ. ಪಕ್ಕದಲ್ಲಿ ಕೂತ ಹುಡುಗರು ನೋಡದೆ ಎಸೆದು, ಖಾಲಿ ಕೈಲಿ ಮನೆಗೆ ಹೋಗುತ್ತಿದ್ದರು.

ಕೊಕ್ಕೆಯ ನಂಬರು ಉಲ್ಟಾ ಇರುತ್ತೆ. ನಂಬರು ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು. ಹಿಟ್ಟಿಗೆ 14 ಅಥವಾ 16 ತಗೋ. ಪಕ್ಕದಲ್ಲಿ /0 ಇರೋ ನಂಬರು ಮಾತ್ರ ಹೆಚ್ಚಿದಷ್ಟೂ ದೊಡ್ಡದು. ಫೋಟೊದಲ್ಲಿ ನಿನ್ನ ರಾಡಿಗೆ ತೂಗುತ್ತಿದ್ದುದು 6/0 ಥರ ಕಂಡಿತು, ಅದನ್ನು ಊರಿಗೆ ಬರುವಾಗ ತಗೊಂಡು ಬಾ, ಇಲ್ಲಿ ಯಾರಿಗಾದರೂ ಆಗುತ್ತೆ. ದಾರ 4 ಪೌಂಡ್ ಭಾರ ತಡೆಯೋದು ಸಾಕು, ತೀರಾ ಹೆದರಿಕೆಯಾದರೆ 6. ಕೆರೆ ನೀರು ತಿಳಿ ಇದ್ದರೆ ದಪ್ಪ ದಾರ ಮೀನಿಗೆ ಕಾಣುತ್ತೆ. "ಕಿತ್ತುಹೋದರೆ?" ಅಂತ ಕೇಳ್ತೀಯ. ರೀಲಿನ ಡ್ರ್ಯಾಗ್, ಅಂದರೆ ದಾರದ ಬಿಗಿ ಹೊಂದಿಸೋ ತಿರುಪು, ಸಡಿಲ ಇಡು, ಮೀನು ಓಡಿದಾಗ ದಾರ ತಾನೇ ಬಿಡುತ್ತೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚು. ಒಣ ನೈಲಾನನ್ನು ಎಳೆದರೆ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತೆ. ಇದು ಅಜ್ಜನೂ ಹೇಳುತ್ತಿದ್ದ ಮಾತು, ಕಾವೇರಿಗೂ ಒಂದೇ, ಸಿಯಾಟಲಿಗೂ ಒಂದೇ.

ಆ ಹಿಟ್ಟು ಮುಟ್ಟೋಕೆ ಅಸಹ್ಯ ಆದರೆ ಎರೆಹುಳು ಇದ್ದೇ ಇದೆ. ನನಗಂತೂ ಅದೇ ಇಷ್ಟ. ಅಲ್ಲಿನ ಹುಳು ಹಾವಿನ ಮರಿಯಷ್ಟು ಉದ್ದ, ಅರ್ಧ ಸಾಕು. ಆದರೆ ಹುಳುವೂ ಮುಳುಗುತ್ತೆ. ಅದಕ್ಕೆ ಅಲ್ಲಿಯವರು ಸೂಜಿ ಇರೋ ಪುಟ್ಟ ಬಾಟಲಿಯಿಂದ ಹುಳುವಿನ ಮೈಗೆ ಗಾಳಿ ತುಂಬುತ್ತಾರೆ! ಸೂಜಿ ಬೆರಳಿಗೆ ಚುಚ್ಚಿ ಗಾಳಿ ಒಳಗೆ ಹೋದರೆ ಅಪಾಯ, ಹುಳುವನ್ನು ಕೈಯಲ್ಲಿ ಹಿಡಿದು ಮಾಡಲೇಬೇಡ. ಮನೆಯಲ್ಲಿ ಮಗು ಬೇರೆ ಇದೆ, ಆ ಬಾಟಲಿಯೇ ಬೇಡ. ಕೊಕ್ಕೆಗೆ ಮೊದಲು ಒಂದು ಪುಟಾಣಿ ಮಾರ್ಷ್‌ಮೆಲ್ಲೊ ಚುಚ್ಚಿ, ಆಮೇಲೆ ಹುಳು ಹಾಕು. ಮಿಠಾಯಿ ತೇಲುತ್ತೆ, ಹುಳುವನ್ನೂ ಎತ್ತಿ ಹಿಡಿಯುತ್ತೆ. ಇಲ್ಲವೇ ಮೇಲಿನಿಂದ ಬೆಂಡು ಕಟ್ಟಿ ನಾಲ್ಕೈದು ಅಡಿ ಕೆಳಗೆ ಹುಳು ತೂಗಿಬಿಡು, ನಮ್ಮ ತೋಟದ ಕೆರೆಯಲ್ಲಿ ಜಿಲೇಬಿ ಮೀನಿಗೆ ಮಾಡುವ ಹಾಗೇ.

ಎಲ್ಲಿ ಎಸೆಯಬೇಕು ಅನ್ನೋದಕ್ಕೆ ನೀರಿನ ತಂಪು ನೋಡಬೇಕು. ಟ್ರೌಟಿಗೆ 10ರಿಂದ 16 ಡಿಗ್ರಿ ಹಿತ. 20 ದಾಟಿದರೆ ಒದ್ದಾಡುತ್ತೆ, ಯಾಕಂದ್ರೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ನಮ್ಮ ಕಾವೇರಿಯಲ್ಲಿ ಟ್ರೌಟ್ ಇಲ್ಲದ್ದೂ ಇದಕ್ಕೇ. ಪಕ್ಕದ ನೀಲಗಿರಿಯ ಎತ್ತರಕ್ಕೆ ಬ್ರಿಟಿಷರು ಮೊಟ್ಟೆ ತಂದು, 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿದರು. ಅಲ್ಲಿನ ಚಳಿಗೆ ಅದು ನಿಂತಿತು. ನಿಮ್ಮ ಕಡೆಯದು ರೇನ್‌ಬೋ, ಅದರ ತವರೇ ಪೆಸಿಫಿಕ್ ಕರಾವಳಿ.

ಈಗ ಏಪ್ರಿಲ್ ಅಲ್ವಾ, ಮೇಲಿನ ನೀರೂ ತಣ್ಣಗಿದೆ. ಮೀನು ದಡದ ಹತ್ತಿರವೇ ಸುತ್ತುತ್ತೆ, ದೂರ ಎಸೆಯೋ ಹಟ ಬೇಡ. ಸಾಕಿ ತಂದು ಬಿಟ್ಟ ಮೀನುಗಳಂತೂ ಬಿಟ್ಟ ಜಾಗದ ಸುತ್ತಮುತ್ತ ಕೆಲವು ದಿನ ಗುಂಪಾಗಿ ತಿರುಗುತ್ತಿರುತ್ತವೆ. ತೊಟ್ಟಿಯಲ್ಲಿ ಕಾಳಿನಂಥ ಆಹಾರ ತಿಂದು ಬೆಳೆದವು, ಹಿಟ್ಟಿಗೆ ಬೇಗ ಬರುತ್ತವೆ. ಗಾಳಿ ಯಾವ ದಡಕ್ಕೆ ಬೀಸುತ್ತಿದೆಯೋ ಆ ದಡದಲ್ಲಿ ಕೂರು, ತಿನ್ನೋ ಹುಳಹುಪ್ಪಟೆ ಎಲ್ಲಾ ಅಲ್ಲಿಗೇ ಬಂದು ಸೇರುತ್ತೆ. ಚಳಿಯಾಗುತ್ತೆ ಅಂತ ಮರೆಯಲ್ಲಿ ಕೂತರೆ ಮೀನೂ ಇಲ್ಲ. ಜುಲೈ ಬಂದರೆ ಗ್ರೀನ್ ಲೇಕ್ ಮರೆತುಬಿಡು, ಆಳ ಕಡಿಮೆ, ಬೇಗ ಬಿಸಿಯಾಗುತ್ತೆ. ಸಮಾಮಿಶ್ ಥರದ ಆಳದ ಕೆರೆಯಲ್ಲಿ ಮೇಲೆ ಬಿಸಿ ನೀರು, ಕೆಳಗೆ ತಣ್ಣೀರು ಅಂತ ಪದರ ಕಟ್ಟುತ್ತೆ. ಎಷ್ಟೋ ಕೆರೆಗಳಲ್ಲಿ ತೀರಾ ತಳದಲ್ಲಿ ಉಸಿರಾಡೋಕೆ ಸಾಲದು. ಹಾಗಾಗಿ ಮೀನು ನಡುವಿನ ಪದರದಲ್ಲಿ ನಿಲ್ಲುತ್ತೆ. ದಡದಿಂದ ಅದಕ್ಕೆ ಎಟಕೋದು ಕಷ್ಟ, ದೋಣಿ ಬೇಕು.

ಕೂತು ಬೇಜಾರಾದರೆ ಸ್ಪಿನ್ನರ್ ಎಸೆ, ಅಂದರೆ ತಿರುಗೋ ಲೋಹದ ಎಲೆ ಇರೋ ನಕಲಿ ಎರೆ. ಎರಡು ಮೂರು ಗ್ರಾಮಿನ ಸಣ್ಣದು, ನೀರಿಗೆ ಬಿದ್ದ ಮೇಲೆ ಮನಸ್ಸಲ್ಲಿ ಐದು ಎಣಿಸಿ ಎಳಿ, ಇನ್ನೊಂದು ಸಲ ಹತ್ತು ಎಣಿಸು. ಯಾವ ಎಣಿಕೆಗೆ ಮೀನು ಬಂತೋ ಆ ಆಳಕ್ಕೇ ಅಂಟಿಕೋ. ಎಲೆ ತಿರುಗುವಷ್ಟು ಮಾತ್ರ ನಿಧಾನವಾಗಿ ಎಳೆಯಬೇಕು.

ಬಿಡೋ ವಿಷಯ ಒಂದಿದೆ. ವಾಲ್ನೂರಿನಲ್ಲಿ ಹಿಡಿದದ್ದನ್ನು ಬಿಡಲೇಬೇಕಿತ್ತು. ಕಾವೇರಿಯ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು, ನಿನಗೆ ಗೊತ್ತಲ್ಲ. ಆ ಅಭ್ಯಾಸದಲ್ಲಿ ಟ್ರೌಟನ್ನೂ ಬಿಡ್ತಾ ಹೋಗಬೇಡ. ಎರೆ ಹಾಕಿದಾಗ ಟ್ರೌಟ್ ಗಂಟಲವರೆಗೆ ನುಂಗಿಬಿಡುತ್ತೆ, ಕಿತ್ತು ಬಿಟ್ಟರೂ ಎಷ್ಟೋ ಸಲ ಆಮೇಲೆ ಸಾಯುತ್ತೆ. ಅದಕ್ಕೇ ನಿಮ್ಮ ವಾಷಿಂಗ್ಟನ್‌ನಲ್ಲಿ ಎರೆ ಹಾಕಿ ಹಿಡಿದ ಟ್ರೌಟನ್ನು ನೀನು ಬಿಟ್ಟರೂ ದಿನದ ಲೆಕ್ಕಕ್ಕೆ ಸೇರಿಸುತ್ತಾರೆ. ಕೆರೆಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 5, ಆದರೆ ಒಂದೊಂದು ಕೆರೆಗೆ ಒಂದೊಂದು ನಿಯಮ ಇರುತ್ತೆ, ನೋಡಿಕೊಂಡು ಹೋಗು. ತಿನ್ನೋಕೆ ಬೇಕಾದಷ್ಟು ಆದ ಮೇಲೆ ಗಾಳ ಎತ್ತು. ಹಿಡಿದು ಬಿಡೋ ಆಸೆ ಇದ್ದರೆ ಸ್ಪಿನ್ನರ್ ಹಾಕು, ಅದು ಹೆಚ್ಚಾಗಿ ತುಟಿಗೇ ಸಿಗುತ್ತೆ. ಬಿಡುವಾಗ ಕೈ ಒದ್ದೆ ಮಾಡಿಕೋ. ಕೊಕ್ಕೆ ಒಳಗೆ ಹೋಗಿದ್ದರೆ ಕೀಳಬೇಡ, ದಾರ ಕತ್ತರಿಸಿಬಿಡು.

ಅಡುಗೆಗೆ ಜಾಸ್ತಿ ಹೇಳೋದಿಲ್ಲ. ಪೊರೆ ತೀರಾ ಸಣ್ಣದು, ಉಜ್ಜುವ ಕೆಲಸ ಇಲ್ಲ. ಅರಿಶಿನ, ಖಾರದ ಪುಡಿ, ಉಪ್ಪು, ನಾನು ಕಟ್ಟಿಕೊಟ್ಟ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಅರ್ಧ ಚಮಚ. ಹುಷಾರು, ಅದು ಹುಳಿ ಜೋರು. ಹತ್ತು ನಿಮಿಷ ಬಿಟ್ಟು ಕಾವಲಿಯಲ್ಲಿ ಹುರಿ. ಮೆತ್ತನೆ ಮೀನು, ಮೇಲಿಂದ ಮೇಲೆ ತಿರುವಿದರೆ ಪುಡಿಯಾಗುತ್ತೆ.

ಇಲ್ಲಿ ಕಾಫಿ ಅರಳಿಸೋ ಹೂಮಳೆ ಚೆನ್ನಾಗಿ ಬಿತ್ತು, ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆಗೆ ಕಾಯ್ತಾ ಇದ್ದೇವೆ. ನಿಮ್ಮಪ್ಪ ದಿನಕ್ಕೆ ನಾಲ್ಕು ಸಲ ಆಕಾಶ ನೋಡುತ್ತಾರೆ.

ಮುಂದಿನ ಶನಿವಾರ ಹೋಗುವ ಮೊದಲು ನಿನ್ನ ಲೈಸೆನ್ಸ್ ತೆಗೆದು ನೋಡು. ಅಲ್ಲಿ ವರ್ಷದ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತೆ, ಯಾವಾಗ ತಗೊಂಡಿದ್ದರೂ ಅಷ್ಟೇ. ಹೊಸದು ಮಾಡಿಸಿಕೊಂಡೇ ಹೋಗು.

ಅಮ್ಮ